ಟ್ಯೂಬಿನಲ್ಲಿ ಬಂದ ಹೊಸ ಅಕ್ಕಿ

ಮೊದಲು ಉರಿದದ್ದು ಉಪ್ಪಿನಕಾಯಿಗೆ. ನಾಲಗೆಯ ಎಡಬದಿಯಲ್ಲಿ ಒಂದು ಹುಣ್ಣು. ಹಲ್ಲು ತಾಗಿರಬೇಕು ಎಂದು ಜೇನು ಹಚ್ಚಿಕೊಂಡು ಓಡಾಡಿದೆ. ಮಾಯಲಿಲ್ಲ.

ಬಯಾಪ್ಸಿ ರಿಪೋರ್ಟ್ ನೋಡಿದ ಡಾಕ್ಟರು, "ಕ್ಯಾನ್ಸರ್. ಆಪರೇಷನ್ ತಡ ಮಾಡುವುದು ಬೇಡ" ಎಂದರು.

ನಾಲಗೆಗೆ!

ಮನೆಯಲ್ಲಿ ಸಂಜೆ ಮಣಿ ಎಣಿಸುತ್ತಾ ಜಪಸರದ ಪ್ರಾರ್ಥನೆ ಹೇಳಿಸುವವಳು ನಾನು. ಕುಂದಾಪುರದ ನಮ್ಮ ಕೇರಿಯಲ್ಲಿ ದೊಡ್ಡ ಬಾಯಿ ಎಂಬ ಹೆಸರೂ ನನ್ನದೇ. ಆ ದಿನಗಳಲ್ಲಿ ಜಪಕ್ಕೆ ಕುಳಿತರೆ, ದೇವರ ಇಷ್ಟದಂತೆ ಆಗಲಿ ಎನ್ನುವಲ್ಲಿಗೆ ಬಂದು ನಿಂತುಬಿಡುತ್ತಿದ್ದೆ. ಇದು ಅವನ ಇಷ್ಟವೇ? ನಾನು ಯಾರಿಗೆ ಏನು ಮಾಡಿದ್ದೆ? "ದೇವರು ಪರೀಕ್ಷೆ ಮಾಡ್ತಾನೆ" ಎಂದು ನನ್ನ ಗಂಡ ಸಮಾಧಾನ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಮಾತ್ರ ನಾನು ಬಿಟ್ಟಲ್ಲಿಂದ ಜಪ ಮುಂದುವರಿಸುತ್ತಿದ್ದರು.

ನಾಲಗೆಯ ಒಂದು ಭಾಗ ತೆಗೆದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್. ಮಾತಿಲ್ಲ, ಊಟವಿಲ್ಲ.

ಅದೇ ವಾರ ತೆನೆ ಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ತೆನೆಯ ಅಕ್ಕಿ ಸುಲಿದು, ಅರೆದು, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತೇವೆ. ಊರಲ್ಲಿ ಇಲ್ಲದವರಿಗೂ ಪಾಲು ಎತ್ತಿಡುತ್ತೇವೆ. ನಮಗೆ ಪ್ರತಿ ವರ್ಷ ತೆನೆ ಕೊಡುವುದು ಪಕ್ಕದ ಗದ್ದೆಯ ಗಿರಿಜಕ್ಕ. ಹಬ್ಬದ ಸಂಜೆ ನಮ್ಮವರ ಜೊತೆ ಅವರೂ ಆಸ್ಪತ್ರೆಗೆ ಬಂದರು.

"ಹ್ವಾಯ್ ಬಾಯಮ್ಮ, ಬೇಗ ಬನ್ನಿ. ನೀವಿಲ್ದೆ ಕೇರಿಯಂಗೆ ಗಲಾಟಿ ಮಾಡುಕೆ ಜನ ಇಲ್ಲೆ!"

ನಗು ಬಂತು. ಹೊಲಿಗೆ ಎಳೆಯಿತು.

ನಮ್ಮವರು ಸ್ಟೀಲ್ ಡಬ್ಬಿ ತೆರೆದರು. ಡಾಕ್ಟರು ಹೇಳಿದಂತೆ ಕುದಿಸಿ, ಸೋಸಿ ತಂದ ನನ್ನ ಪಾಲು. ಬೇಡವೆಂದು ಕೈಯಾಡಿಸಿದೆ. ನಂಬಿಕೆಯೇ ಅಲ್ಲಾಡುತ್ತಿರುವವಳಿಗೆ ಅದೇಕೆ?

"ನೀನು ಬೇಡ ಅಂತೀ ಅಂತ ಅಮ್ಮನಿಗೆ ಗೊತ್ತಿತ್ತು" ಎಂದರು ಕೊಂಕಣಿಯಲ್ಲಿ. "'ನಂಬಿಕೆ ಇದೆಯಾ ಇಲ್ವಾ ಅಂತ ಅವಳನ್ನು ಕೇಳ್ಬೇಡ, ಅವಳು ಮನೆಯವಳು, ಪಾಲು ಕೊಡು' ಅಂದಳು."

ಅತ್ತುಬಿಟ್ಟೆ. ಆಮೇಲೆ ನಾನೇ ಸಿಸ್ಟರ್‌ಗೆ ಟ್ಯೂಬ್ ತೋರಿಸಿದೆ. ಅವರು ಸಿರಿಂಜಿನಲ್ಲಿ ಮೆಲ್ಲಗೆ ಬಿಟ್ಟರು. ರುಚಿ ತಿಳಿಯಲಿಲ್ಲ. ಆದರೆ ಹೊಟ್ಟೆಗೆ ಹೋಯಿತು. ಹಾಗಾದರೆ ಜಪವೂ ಹೀಗೇ, ರುಚಿ ತಿಳಿಯದಿದ್ದರೂ, ಒಳಗೆ ಹೋಗಲಿ ಎಂದು ಅಂದೇ ಹಟ ಹಿಡಿದೆ. ತುಟಿ ಆಡದಿದ್ದರೂ ಬೆರಳಲ್ಲಿ ಮಣಿ ಸರಿಸಿದೆ.

ಈಗ ರೇಡಿಯೇಷನ್ ಮುಗಿದಿದೆ. ಗಂಜಿ ನುಂಗುತ್ತೇನೆ, ದೇವರು ದೊಡ್ಡವನು. ಮುಂದಿನ ಸ್ಕ್ಯಾನ್ ನೆನೆದರೆ ಭಯವಾಗುತ್ತದೆ, ಸುಳ್ಳೇಕೆ ಹೇಳಲಿ. ಜಪಸರ ಮತ್ತೆ ನಾನೇ ಹೇಳಿಸುತ್ತೇನೆ, ತೊದಲುತ್ತಾ. ದೇವರ ಇಷ್ಟದಂತೆ ಆಗಲಿ ಎನ್ನುವಲ್ಲಿಗೆ ಬಂದಾಗ ಈಗಲೂ ನಿಂತುಬಿಡುತ್ತೇನೆ. ಅತ್ತೆ ಮುಂದುವರಿಸಲು ಬಾಯಿ ತೆರೆಯುತ್ತಾರೆ.

ನಾನು ಕೈ ಅಡ್ಡ ಹಿಡಿದು, ನಾನೇ ಹೇಳಿ ಮುಗಿಸುತ್ತೇನೆ.