ಮೇಲ್ ಸರ್ವರಿನ ಬಾಗಿಲಿಗೆ ‘ನಾಳೆ ಬಾ’

ಕರೆಗಂಟೆ ಸದ್ದಾದಾಗ ಬಾಗಿಲು ತೆರೆಯುವ ಮೊದಲು ಉಸಿರು ಬಿಗಿಹಿಡಿದು ಕಿಂಡಿಯಲ್ಲಿ ಕಣ್ಣಿಡುವುದು ನನ್ನ ಅಭ್ಯಾಸ. ಆಚೆ ನಿಂತವರು ಸಾಮಾನ್ಯವಾಗಿ ಕೊರಿಯರಿನವರೋ ನೀರಿನ ಫಿಲ್ಟರ್ ಮಾರುವವರೋ ಆಗಿರುತ್ತಾರೆ. ಆದರೂ ಕಿಂಡಿಯ ಗಾಜು ಅವರ ಮೂಗನ್ನು ಉಬ್ಬಿಸಿ, ಹಣೆಯನ್ನು ಕುಗ್ಗಿಸಿ, ಯಾವುದೋ ಯಕ್ಷಲೋಕದವರಂತೆ ತೋರಿಸುವುದರಿಂದ ನನ್ನ ಭಯಕ್ಕೆ ಒಂದಿಷ್ಟು ಪುರಾವೆ ದೊರೆತಂತಾಗುತ್ತದೆ. ಇಂಥ ಮನುಷ್ಯ ವಿದ್ಯಾರಣ್ಯಪುರದ ತನ್ನ ಮನೆಯಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ, ಇಡೀ ಜಗತ್ತಿಗೆ ತೆರೆದ ಒಂದು ಬಾಗಿಲನ್ನು ತಾನಾಗಿಯೇ ಇಟ್ಟುಕೊಂಡನೆಂದರೆ ನೀವು ನಂಬಲಾರಿರಿ.

ಆ ಬಾಗಿಲು ನನ್ನ ಸ್ವಂತ ಮೇಲ್ ಸರ್ವರ್. ಅಂದರೆ, ನಮ್ಮ ಮನೆಯವರ ಇಮೇಲ್‌ಗಳನ್ನು ಯಾವುದೋ ದೊಡ್ಡ ಕಂಪನಿಯ ಬದಲು ನಮ್ಮದೇ ಒಂದು ಪುಟ್ಟ ಕಂಪ್ಯೂಟರ್ ಬರಮಾಡಿಕೊಳ್ಳುತ್ತದೆ, ಕಳಿಸುತ್ತದೆ, ಕಾದಿಡುತ್ತದೆ. ಇದಕ್ಕೂ ಮೂಲ ಭಯವೇ. ನನ್ನ ನೆನಪಿನ ಮೇಲೆ ನನಗೆ ವಿಶ್ವಾಸವಿಲ್ಲ. ದಿನಚರಿ ಬರೆಯುತ್ತೇನೆ, ನಿಜ. ಆದರೆ ಮುಂದೊಮ್ಮೆ ಓದಿದಾಗ ಅದರಲ್ಲಿ ನಡೆದದ್ದಕ್ಕಿಂತ ನಡೆಯಬೇಕಿದ್ದದ್ದೇ ಹೆಚ್ಚಾಗಿ ಕಾಣುತ್ತದೆ. ಇತರರು ನನಗೆ ಬರೆದ ಹಳೆಯ ಮೇಲ್‌ಗಳೇ ನನ್ನ ಬದುಕಿಗೆ ಉಳಿದ ನಿಷ್ಪಕ್ಷಪಾತ ಸಾಕ್ಷಿಗಳು. ಅವನ್ನು ಪರರ ವಶದಲ್ಲಿ ಬಿಟ್ಟು, ಒಂದು ಬೆಳಿಗ್ಗೆ ಖಾತೆಯೇ ರದ್ದಾದರೆ? ಹೀಗೆ ಯೋಚಿಸಿ ಸಾಕ್ಷಿಗಳನ್ನೆಲ್ಲ ಮನೆಗೆ ಕರೆತಂದೆ. ಭಯವೂ ಅವರ ಹಿಂದೆಯೇ ಬಂದು ತಳವೂರಿತು. ಕರೆಂಟ್ ಹೋದರೆ ಭಯ, ಬಂದರೆ ಡಿಸ್ಕ್ ಸುಟ್ಟಿತೇನೋ ಎಂಬ ಭಯ.

ಎಲ್ಲಕ್ಕಿಂತ ಮಿಗಿಲಾದದ್ದು ಲಾಗ್, ಅಂದರೆ ಬಂದುಹೋದವರನ್ನು ಸರ್ವರ್ ಸಾಲುಸಾಲಾಗಿ ದಾಖಲಿಸುವ ಕಡತ. ಅದನ್ನು ತೆರೆದು ನೋಡುವವರೆಗೆ ನಾನು ಸುಖಿ. ತೆರೆದರೆ, ಎಲ್ಲೆಲ್ಲಿಂದಲೋ ಯಾರು ಯಾರೋ ಬಂದು ಪಾಸ್‌ವರ್ಡ್ ಊಹಿಸುತ್ತ ಬಾಗಿಲು ತಳ್ಳಿ ನೋಡಿ ಹೋಗುತ್ತಿದ್ದರು. ಒಬ್ಬನಂತೂ, ಅವನು ಮನುಷ್ಯನೋ ಯಂತ್ರವೋ ತಿಳಿಯದು, ನನ್ನ ಹೆಂಡತಿ ಸುಧಾಳ ಹೆಸರನ್ನೇ ಹಿಡಿದು ತಟ್ಟಿದ್ದ. ಅಂದು ನನಗೆ ಅನ್ನ ಸೇರಲಿಲ್ಲ.

ಆಗ ನೆನಪಾದದ್ದು ‘ನಾಳೆ ಬಾ’. ಇಲ್ಲೇ ಪಕ್ಕದಲ್ಲಿ, ಈಗ ಬಡಾವಣೆಗಳಲ್ಲಿ ಕರಗಿಹೋಗಿರುವ ನಮ್ಮೂರು ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುವ ದೆವ್ವವೊಂದು ಸುತ್ತುತ್ತಿದೆಯೆಂಬ ಸುದ್ದಿ ಹಬ್ಬಿ, ಜನ ಬಾಗಿಲುಗಳ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಅದನ್ನೋದಿ ಹಿಂತಿರುಗಬೇಕು. ಮರುದಿನ ಬಂದರೆ ಮತ್ತೆ ಅದೇ ಬರಹ. ನಮ್ಮ ಬಾಗಿಲಿಗೆ ಅಮ್ಮ ಬರೆದದ್ದು, ಅವಳ ಬೆರಳಿಗಂಟಿದ ಬಿಳಿಪುಡಿ, ಎಲ್ಲ ನನಗೆ ಕಣ್ಣಿಗೆ ಕಟ್ಟಿದಂತಿದೆ. ಈಗಲೂ ಅಲ್ಲೇ ಇರುವ ಅಕ್ಕನಿಗೆ ಹೇಳಿದರೆ ನಕ್ಕುಬಿಟ್ಟಳು. “ಅಂಗಲ್ಲ ಕಣೋ. ಅಮ್ಮ ಎಲ್ ಬರುದ್ಲು? ಬರ್ದೋನು ನೀನೇ. ಬರ್ದು, ದೆವ್ವಕ್ಕೆ ಓದಕ್ ಬರ್ದಿದ್ರೆ ಏನ್ ಗತಿ ಅಂತ ಒಳಗ್ ಬಂದು ಅಳ್ತಾ ಕೂತಿದ್ದೆ.”

ಮೇಲ್ ಸರ್ವರಿಗೂ ಇಂಥದೊಂದು ಉಪಾಯವುಂಟು. ಅಪರಿಚಿತ ಸರ್ವರೊಂದು ಮೇಲ್ ತಂದರೆ, ‘ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು ಹಿಂದಕ್ಕೆ ಕಳಿಸುವುದು. ಸಭ್ಯರು ಮರಳಿ ಬರುತ್ತಾರೆ. ಕಸ ಸುರಿಯಲು ಬಂದವರಿಗೆ ಅಷ್ಟು ಸಹನೆಯಿರುವುದಿಲ್ಲ. ಬಲ್ಲವರು ಕೆಲವು ನಿಮಿಷ ಸಾಕೆನ್ನುತ್ತಾರೆ. ನಾನು ಇಡೀ ಒಂದು ದಿನ ಇರಲೆಂದೆ. ಪಾಸ್‌ವರ್ಡ್ ಊಹಿಸುವವರನ್ನು ಈ ಉಪಾಯ ತಡೆಯದೆಂಬುದು ನನಗೆ ಗೊತ್ತಿತ್ತು; ನನ್ನ ಭಯಕ್ಕೆ ಗೊತ್ತಿರಲಿಲ್ಲ.

ಇದೇ ಸಮಯದಲ್ಲಿ ಸುಧಾ, ಮಗಳು ಶಾಲೆಗೆ ಹೋಗತೊಡಗಿದ್ದರಿಂದ ಮತ್ತೆ ಪಾಠ ಮಾಡುವ ಆಸೆಯಲ್ಲಿ, ಯಲಹಂಕದ ಕಡೆಯ ಒಂದು ಕಾಲೇಜಿಗೆ ರಸಾಯನಶಾಸ್ತ್ರದ ಅಧ್ಯಾಪಕಿ ಹುದ್ದೆಗೆ ಅರ್ಜಿ ಹಾಕಿದ್ದಳು. ನನ್ನ ಒತ್ತಾಯಕ್ಕೆ ನಮ್ಮ ಸರ್ವರಿನ ವಿಳಾಸವನ್ನೇ ಕೊಟ್ಟಿದ್ದಳು. “ಏನ್ರೀ ಪೋಸ್ಟ್ ಮಾಸ್ತರ, ಇವತ್ತರ ಏನಾರ ಬಂತೇನು?” ಎಂದು ಗದಗಿನ ತನ್ನ ಮಾತಿನಲ್ಲಿ ಅವಳು ಕೇಳುವಳು, ಇಲ್ಲವೆನ್ನುವೆನು. ಎಷ್ಟು ದಿನ ಹೀಗಾಯಿತೋ, ಒಂದು ಬೆಳಿಗ್ಗೆ ನನಗೇ ಅನುಮಾನ ಹುಟ್ಟಿ ಲಾಗ್‌ನಲ್ಲಿ ಕಾಲೇಜಿನ ಹೆಸರು ಹುಡುಕಿದೆ. ಇತ್ತು. ಬಂದಿತ್ತು, ಆಮೇಲೆ ಬಾ ಎನಿಸಿಕೊಂಡು ಹೋಗಿತ್ತು. ಒಂದು ಗಂಟೆಯೊಳಗೆ ಮತ್ತೊಮ್ಮೆ ಬಂದು ಅದೇ ಮಾತು ಕೇಳಿಸಿಕೊಂಡಿತ್ತು. ಆಮೇಲೆ ಬಂದಿರಲಿಲ್ಲ.

ಹೇಳಿದೆ. ಅವಳು ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. “ಅಂದ್ರ ಅವ್ರು ಬಾಗಿಲ್ತನ ಬಂದಿದ್ರು. ನೀವು ಒಳಗಿಂದ ಚಿಲಕಾ ಹಾಕಿದ್ರಿ,” ಎಂದಷ್ಟೇ ಹೇಳಿ ಕಾಲೇಜಿಗೆ ಫೋನ್ ಹಚ್ಚಿದಳು. ಕಚೇರಿಯ ಗುಮಾಸ್ತರ ದನಿ ನನಗೂ ಕೇಳುತ್ತಿತ್ತು. “ಕಳ್ಸಿದ್ವಲ್ಲ ಮೇಡಂ. ಇಂಟರ್‌ವ್ಯೂ ನಾಳಿದ್ದು. ಲೆಟರ್ ಇಲ್ದೆ ಗೇಟಲ್ಲೇ ಬಿಡಲ್ಲ. ಬೇರೆ ಮೇಲ್ ಐಡಿ ಇದ್ರೆ ಹೇಳಿ, ಊಟಕ್ಕೆ ಹೋಗೋ ಮೊದ್ಲು ಹಾಕ್ಬಿಡ್ತೀನಿ. ಆಮೇಲೆ ನಾನು ಲೀವು.”

ಬೇರೆ ವಿಳಾಸ ಇತ್ತು. ದೊಡ್ಡ ಕಂಪನಿಯ ಅವಳ ಹಳೆಯ ಖಾತೆ ಜೀವಂತವಾಗಿಯೇ ಇತ್ತು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. “ಮೊದ್ಲಿನ ಐಡಿಗೇ ಕಳಸ್ರಿ, ಇನ್ನೊಮ್ಮೆ,” ಎಂದು ಫೋನಿಟ್ಟು, “ಹೂಂ, ಏಳ್ರಿ. ಈಗ ಇಂಟರ್‌ವ್ಯೂ ನಿಮ್ದು,” ಎಂದಳು.

ಅವಳ ಅಪನಂಬಿಕೆಯನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಈ ನಂಬಿಕೆ ನನ್ನನ್ನು ಎಬ್ಬಿಸಿ ಸರ್ವರಿನ ಮುಂದೆ ತಂದು ಕೂರಿಸಿತು. ಗಡಿಬಿಡಿಯಲ್ಲಿ ಪಾಸ್‌ವರ್ಡನ್ನು ತಪ್ಪಾಗಿ ಒತ್ತಿ, ನನ್ನದೇ ಲಾಗ್‌ನಲ್ಲಿ ನಾನೂ ಒಬ್ಬ ಕಳ್ಳನಾಗಿ ದಾಖಲಾದೆ. ಕೊನೆಗೆ ‘ಆಮೇಲೆ ಬಾ’ ಎನ್ನುವ ನಿಯಮವನ್ನೇ ಅಳಿಸಿದೆ. ತಡೆದು ನಿಲ್ಲಿಸಿದ್ದ ಸಂತೆಯೆಲ್ಲ ಒಮ್ಮೆಲೇ ಒಳನುಗ್ಗಿದಂತೆ ಲಾಗ್ ಹರಿಯತೊಡಗಿತು.

“ಯಾರ್ರೀ ಇವ್ರೆಲ್ಲ?”

“ಗೊತ್ತಿಲ್ಲ.”

“ಬರ್ಲಿ ಬಿಡ್ರಿ.”

ಲಾಟರಿ ಹೊಡೆದವರು, ಕೂದಲು ಬೆಳೆಸುವವರು, ವಿಧವೆಯಾದ ರಾಣಿಯೊಬ್ಬಳು, ಎಲ್ಲರೂ ಬಂದರು. ಅವರ ನಡುವೆ, ಅವರಷ್ಟೇ ಅಪರಿಚಿತವಾಗಿ, ಕಾಲೇಜಿನ ಪತ್ರವೂ ಬಂತು. ಕೇಡು ಮಾತ್ರ ಗುರುತಿಲ್ಲದ ವೇಷದಲ್ಲಿ ಬರುತ್ತದೆಂದು ನಾನು ತಿಳಿದಿದ್ದೆ. ಒಳ್ಳೆಯದೂ ಮೊದಲ ಸಲ ಅದೇ ಗುರುತಿಲ್ಲದ ಮುಖದಲ್ಲೇ ಬರುತ್ತದೆಂಬುದು ಹೊಳೆದಿರಲಿಲ್ಲ.

ಸುಧಾ ಇಂಟರ್‌ವ್ಯೂ ಮುಗಿಸಿ ಬಂದಿದ್ದಾಳೆ. ಚೆನ್ನಾಗಿ ಆಯಿತೆನ್ನುತ್ತಾಳೆ. ಆಯ್ಕೆಯಾದರೆ ಮೇಲ್‌ನಲ್ಲೇ ತಿಳಿಸುತ್ತಾರಂತೆ; ಯಾವ ವಿಳಾಸದಿಂದ ಎಂದು ಮಾತ್ರ ಹೇಳಿಲ್ಲವಂತೆ. ಹಾಗಾಗಿ ಯಾರನ್ನೂ ತಡೆಯುವಂತಿಲ್ಲ. ಫ್ರಿಜ್ಜಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬರುವವರನ್ನೆಲ್ಲ ಹೆದರುತ್ತ ಹೆದರುತ್ತಲೇ ಒಬ್ಬೊಬ್ಬರಾಗಿ ಒಳಗೆ ಬಿಟ್ಟುಕೊಳ್ಳುತ್ತಿದ್ದೇನೆ.