ಓದದೆ ಬಿಟ್ಟ ಎರಡು ಸಾಲು

ಶಾಂತಕ್ಕ, ಆ ಸೋಮವಾರ ನಿನ್ನ ಪಡಸಾಲೆಯಲ್ಲಿ ಕೂತು ಕಂಪನಿಯ ಕಾಗದ ಓದಿ ಹೇಳುವಾಗ ನಾನು ಎರಡು ಸಾಲು ಬಿಟ್ಟೆ. ಕಣ್ಣು ತಪ್ಪಿ ಬಿಟ್ಟಿದ್ದಲ್ಲ. ಹಿಂದಿನ ದಿನವೇ ಮನೆಯಲ್ಲಿ ಓದಿ, ಇವೆರಡನ್ನು ಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ನಿನ್ನ ಮಗ ವೀರೇಶ ತೀರಿಹೋಗಿದ್ದು ಆ ಎರಡು ಸಾಲಿನಿಂದ. ಉಚ್ಚಂಗೆಮ್ಮ ದೇವಿಯ ಸಿಟ್ಟಿನಿಂದ ಅಲ್ಲ, ನೀನು ಆಕೆಗೆ ಉಡಿಸದೆ ಉಳಿದ ಸೀರೆಯಿಂದ ಅಲ್ಲ — ನನ್ನಿಂದ.

ಇದನ್ನು ಬಾಯಲ್ಲಿ ಹೇಳಬೇಕೆಂದು ಎಷ್ಟು ಸಲ ನಿನ್ನ ಬಾಗಿಲಿಗೆ ಬಂದೆನೋ ಲೆಕ್ಕವಿಲ್ಲ. ಬಂದು, ಶೇಂಗಾ ಚಟ್ನಿ ಪುಡಿ ಕೊಡು ಎಂದು ಕೇಳಿ ತಗೊಂಡು ಹೋಗುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಈಗ ಏಳು ಡಬ್ಬಿ ಚಟ್ನಿ ಇದೆ. ಒಬ್ಬಳೇ ಇರುವ ಹೆಂಗಸಿಗೆ ಇಷ್ಟು ಚಟ್ನಿ ಯಾಕೆ ಅಂತ ನೀನು ಒಂದು ದಿನವೂ ಕೇಳಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಕಡೆಯಿಂದ ಅದು ಹೇಗಿತ್ತು ಅನ್ನುವುದು ನಿನಗೆ ಗೊತ್ತಿಲ್ಲವಲ್ಲ.

ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನೀನು ಮನೆಯಲ್ಲೇ ಒಣಗಿಸಿದ ಕಟಿ ರೊಟ್ಟಿ, ಚಟ್ನಿ ಮಾಡಿ ಮಾರುವವಳು. ಬಟ್ಟೆ ಅಂಗಡಿಯ ಗಿರಿಜಮ್ಮ, ಹೊಲಿಗೆಯ ನಾಗವೇಣಿ. ನಾವು ನಾಲ್ವರು ಷೇರಿಗೆ ಕೈ ಹಾಕಿದೆವು ಅಂದಾಗ ಓಣಿಯೆಲ್ಲ ನಕ್ಕಿತ್ತು. ಸೋಮವಾರ ನಾಲ್ವರಿಗೂ ಉಪವಾಸ, ಒಲೆ ಹೊತ್ತಿಸುವ ಕೆಲಸವಿಲ್ಲ; ಅದಕ್ಕೇ ಸೋಮವಾರ ಮಧ್ಯಾಹ್ನ ನಿನ್ನ ಪಡಸಾಲೆಯಲ್ಲಿ ಸೇರುವುದು. ಕಂಪನಿಯ ಇಂಗ್ಲಿಷ್ ಕಾಗದ ನಾನು ಓದಿ ಹೇಳುವುದು, ನೀವು ಕೇಳಿ ತೀರ್ಮಾನ ಮಾಡುವುದು, ಆಮೇಲೆ ನಾಲ್ವರ ಫೋನಿನಲ್ಲೂ ಕೊಳ್ಳುವ ಗುಂಡಿ ನಾನೇ ಒತ್ತುವುದು. ನಿಯಮ ಎರಡೇ. ಮನೆಗೆ ತಂದು, ಬಳಸಿ, ತಿಂದು ಕುಡಿದು ನೋಡದ ವಸ್ತುವಿನ ಕಂಪನಿ ಬೇಡ. ಒಬ್ಬಳು ಬೇಡ ಅಂದರೂ ನಾಲ್ವರಿಗೂ ಬೇಡ. ಎರಡೂ ನಿಯಮ ಮಾಡಿದವಳು ನೀನೇ. ಸೋಪು, ಬಿಸ್ಕತ್ತು, ಅರಿಶಿನ ಪುಡಿ, ಹೊಲಿಗೆಯ ದಾರ — ಏನೇನು ನೋಡಿದೆವು! ಆ ದಾರ ಒಗೆದ ಮೇಲೆ ಬಣ್ಣ ಬಿಡುತ್ತದೆ ಅಂತ ನಾಗವೇಣಿ ಹೇಳಿದ್ದಕ್ಕೆ ಒಂದು ದೊಡ್ಡ ಕಂಪನಿಯನ್ನೇ ಕೈಬಿಟ್ಟಿದ್ದೆವು.

ಅದಕ್ಕೂ ಮುಂಚೆ ಒಂದು ಸಕ್ಕರೆ ಕಾರ್ಖಾನೆ ಬಂದಿತ್ತು, ನೆನಪಿದೆಯಾ? ಸಕ್ಕರೆಯ ಜೊತೆಗೆ ಅವರು ಸಾರಾಯಿಯ ಸ್ಪಿರಿಟ್ಟನ್ನೂ ಮಾಡುತ್ತಾರೆ ಅಂತ ಕಾಗದದಲ್ಲಿತ್ತು. ಆಗ ನಾನು ಇದ್ದದ್ದು ಇದ್ದ ಹಾಗೆ ಓದಿದೆ. ನೀನು ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಸರಿಸಿ, "ನಮ್ಮ ಮನಿಯವ್ರನ್ನ ತಿಂದದ್ದು ಅದಾ ಐತಿ ವಿಜಯಾ. ಅದರ ರೊಕ್ಕ ನನ್ನ ಹೊಸ್ತಿಲಾ ದಾಟಬಾರದು" ಅಂದೆ. ಅಷ್ಟೇ, ಮುಗಿಯಿತು. ಆ ಷೇರು ಆಮೇಲೆ ಏರಿತು. ನಾನು ದಿನಾ ನೋಡುತ್ತಿದ್ದೆ, ದಿನಾ ನಿನ್ನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಓದು ಬರುವವಳು ನಾನು, ಬೇಡ ಅನ್ನುವವಳು ಇವಳು — ಇಂಥ ಸಣ್ಣ ಮಾತು ನನ್ನ ಮನಸ್ಸಿನಲ್ಲಿ ಓಡಾಡಿತು ಶಾಂತಕ್ಕ. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳ ಮನಸ್ಸಿನಲ್ಲಿ.

ಆಮೇಲೆ ಈ ಕಂಪನಿ ಬಂತು. ಸಣ್ಣ ಗಾಜಿನ ಬಾಟಲಿಯಲ್ಲಿ ಶುಂಠಿ ಸೋಡಾ, ನಿಂಬೆ ಸೋಡಾ, ಕಹಿ ಸೋಡಾ. ಬೆಲೆ ಮಾತ್ರ ಅರಮನೆಯದು. ಕಾಗದದಲ್ಲಿ ಎಲ್ಲ ಚೆನ್ನಾಗಿತ್ತು, ಆ ಎರಡು ಸಾಲು ಬಿಟ್ಟು. ತಮ್ಮ ಪಾನೀಯಗಳು ಮುಖ್ಯವಾಗಿ ಮದ್ಯದಲ್ಲಿ ಬೆರೆಸಿ ಕುಡಿಯಲೆಂದೇ ತಯಾರಾದವು ಅಂತ ಒಂದು ಸಾಲು. ಬಾರುಗಳೂ ದೊಡ್ಡ ಹೋಟೆಲುಗಳೂ ತಮ್ಮ ಮುಖ್ಯ ಗಿರಾಕಿಗಳು ಅಂತ ಇನ್ನೊಂದು. ನಾನು ಪೆನ್ಸಿಲಿನಿಂದ ಅವುಗಳ ಕೆಳಗೆ ಗೆರೆ ಎಳೆದೆ, ಓದುವಾಗ ಹಾರಿಸಲು ಸುಲಭವಾಗಲಿ ಅಂತ.

ಹೊಸಪೇಟೆಗೆ ಕಣ್ಣು ತೋರಿಸಲು ಹೋದವಳು ಒಂದು ಪೆಟ್ಟಿಗೆ ಬಾಟಲಿ ತಂದೆ. ನಾಗವೇಣಿ ಕಹಿ ಸೋಡಾ ಕುಡಿದು ಮುಖ ಹಿಂಡಿ, "ಇದೇನ್ರೀ ಟೀಚರ್, ಬೇವಿನ ಕಷಾಯಕ್ಕ ಸೋಡಾ ಹಾಕ್ಯಾರ!" ಅಂದಳು. ಎಲ್ಲರೂ ನಕ್ಕೆವು. ಗಿರಿಜಮ್ಮನಿಗೆ ಶುಂಠಿಯದು ಹಿಡಿಸಿತು. ನೀನು ಬಾಟಲಿಯನ್ನು ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದೆ.

"ಏ ವಿಜಯಾ, ಇವತ್ತು ಸೋಮಾರ. ಇದರಾಗ ಆ ಹಾಳಾದ್ದೇನೂ ಇಲ್ಲಲ್ಲ?"

"ಒಂದು ಹನಿ ಇಲ್ಲಕ್ಕ," ಅಂದೆ.

ಅದು ನಿಜ. ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ. ಇಷ್ಟು ವರ್ಷ ನಾನು ಆ ನಿಜದ ಮರೆಯಲ್ಲೇ ಅಡಗಿ ಕೂತಿದ್ದೆ — ಸುಳ್ಳು ಹೇಳಲಿಲ್ಲವಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟೆನಲ್ಲ, ಅಂತ. ನೀನು ಕೇಳಿದ್ದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಪ್ರಶ್ನೆಯ ಅಕ್ಷರಕ್ಕಷ್ಟೇ ಉತ್ತರ ಕೊಟ್ಟೆ.

ನಿನ್ನ ಹತ್ತಿರ ಆಗ ಇದ್ದದ್ದು ಉಚ್ಚಂಗೆಮ್ಮನ ಸೀರೆಗೆಂದು ತೆಗೆದಿಟ್ಟ ರೊಕ್ಕ ಮಾತ್ರ. ವೀರೇಶ ಉಚ್ಚಂಗಿದುರ್ಗದಲ್ಲಿ ಕರ್ಪೂರ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟು ಎರಡು ವರ್ಷ ತುಂಬಿತ್ತು. ಲಗೇಜ್ ಆಟೋ ಕೊಂಡಿದ್ದ, ಹೆಂಡತಿ ಮಗಳನ್ನು ಅರಸೀಕೆರೆಯ ತವರಿನಿಂದ ಕರೆತಂದಿದ್ದ. ಮಗ ಎರಡು ವರ್ಷ ತಡೆದರೆ ಅಮ್ಮನಿಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ನೀನು ಬೇಡಿಕೊಂಡಿದ್ದೆ. ಆ ರೊಕ್ಕ ಮುಟ್ಟಲು ನಿನಗೆ ಮನಸ್ಸಿರಲಿಲ್ಲ. ಆಗ ನಾನು ಹೇಳಿದ ಮಾತು — ನೀನು ಮರೆತಿರಬಹುದು, ನಾನು ಮರೆಯಲಾರೆ —

"ಸೀರಿ ಮುಂದಿನ ವರ್ಷ ಉಡಿಸಿದ್ರಾತು ಬಿಡಕ್ಕ. ಷೇರು ಮುಂದಿನ ವರ್ಷ ಈ ರೇಟಿಗೆ ಸಿಗಂಗಿಲ್ಲ."

ನೀನು ಫೋನು ನನ್ನ ಕೈಗೆ ಕೊಟ್ಟೆ.

ಅಲ್ಲಿಗೇ ನಿಂತಿದ್ದರೆ ನಾನು ಕೆಟ್ಟವಳು ಅನ್ನಿಸಿಕೊಂಡು ಉಳಿಯುತ್ತಿದ್ದೆ, ಇಷ್ಟೇ. ಆದರೆ ನೀನು ಷೇರು ಕೊಂಡವರ ಹಾಗೆ ಎಂದೂ ಇರಲಿಲ್ಲ. ಕೊಂಡ ಕಂಪನಿಯೆಲ್ಲ ನಿನಗೆ ಮನೆಯ ಕಂಪನಿ. ಅದರದೇ ಸೋಪು, ಅದರದೇ ಬಿಸ್ಕತ್ತು, ಬಂದ ನೆಂಟರಿಗೂ "ಇದು ನಮ್ದಾ" ಅಂತ ಹೇಳಿಯೇ ಕೊಡುವವಳು. ಒಂದು ದಿನ ಬಂದು ಖುಷಿಯಿಂದ ಹೇಳಿದೆ: "ವೀರೇಶ ಹೊಸಪ್ಯಾಟಿ ಡೀಲರ್ ಕೂಡ ಮಾತಾಡ್ಯಾನ. ನಮ್ಮ ಸೋಡಾ ಈ ಕಡಿ ಊರಿಗೆಲ್ಲ ತಾನಾ ಹಾಕ್ತಾನಂತ. ನಮ್ಮ ಕಂಪನಿ ಮಾಲು ನಮ್ಮ ಹುಡುಗ ಮಾರಿದ್ರ ಛಲೋ ಅಲ್ಲೇನು?"

ಆಗ ಹೇಳಬಹುದಿತ್ತು. "ಬೇಡಕ್ಕ, ಆ ಮಾಲು ಎಲ್ಲಿಗೆ ಹೋಗುತ್ತದೆ ಅಂತ ನಾನು ನಿನಗೆ ಹೇಳಿಲ್ಲ" — ಒಂದೇ ಮಾತು. ನೀನು ಬೈಯುತ್ತಿದ್ದೆ, ಒಂದೆರಡು ತಿಂಗಳು ಮಾತು ಬಿಡುತ್ತಿದ್ದೆ. ನಾಗವೇಣಿ, ಗಿರಿಜಮ್ಮನ ಎದುರು ನನ್ನ ಮುಖ ಸಣ್ಣದಾಗುತ್ತಿತ್ತು. ಅಷ್ಟಕ್ಕೆ ಹೆದರಿದೆ ನಾನು. "ಛಲೋ ಆತು" ಅಂದೆ.

ವೀರೇಶ ನನ್ನ ಶಿಷ್ಯ. ಎಂಟನೇ ಇಯತ್ತೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಪ್ರಶ್ನೆ ಕೇಳಿದರೆ ನಗುತ್ತಿದ್ದ ಹುಡುಗ. ಕೊಟ್ಟೂರಿನ ಬೇಕರಿಗಳಿಗೆ, ಹಗರಿಬೊಮ್ಮನಹಳ್ಳಿಯ ಕಿರಾಣಿ ಅಂಗಡಿಗಳಿಗೆ ಒಂದು ತಿಂಗಳು ಹಾಕಿ ನೋಡಿದ. ಅಷ್ಟು ಬೆಲೆಯ ಕಹಿ ನೀರನ್ನು ಯಾರು ಕೊಳ್ಳುತ್ತಾರೆ? ಪೆಟ್ಟಿಗೆಗಳೆಲ್ಲ ಹಾಗೇ ವಾಪಸು ಬಂದವು. ಆಮೇಲೊಂದು ದಿನ ನಮ್ಮ ಮನೆಯ ಮುಂದೆ ಖಾಲಿ ಆಟೋ ನಿಲ್ಲಿಸಿ ಒಳಗೆ ಬಂದ.

"ಟೀಚರ್, ಕಾನಹೊಸಹಳ್ಳಿ ಕಡಿ ಹೈವೇದಾಗ ಒಬ್ಬಾತ ಇಡೀ ಮಾಲು ಇಳಿಸಿಕೊಂಡಾನ್ರಿ. ವಾರಕ್ಕೆರಡು ಸಲ ತಗಂಬಾ ಅಂದಾನ."

"ಏನಂಗಡಿ ಅವನದು?"

ನೆಲ ನೋಡಿದ. "ಬಾರ್ ರೀ. ಅವ್ವಗ ಹೇಳಬ್ಯಾಡ್ರಿ. ಹಿಂದಿನ ಬಾಗಿಲಿಗೆ ಇಳಿಸಿ ಬರ್ತೀನಿ, ಒಳಗ ಕಾಲು ಇಡಂಗಿಲ್ಲ. ಉಚ್ಚಂಗೆಮ್ಮನ ಆಣೆ."

ಶಾಂತಕ್ಕ, ಆ ಕ್ಷಣದಲ್ಲಿ ನನಗೆ ಏನನ್ನಿಸಿತು ಗೊತ್ತಾ? ಹೆದರಿಕೆ ಅಲ್ಲ. ನೆಮ್ಮದಿ. ಅವನೂ ನಿನ್ನಿಂದ ಮುಚ್ಚಿಡುತ್ತಾನೆ ಅಂದರೆ ನನ್ನ ಗುಟ್ಟು ಅವನ ಗುಟ್ಟಿನ ಅಡಿಯಲ್ಲಿ ಸುರಕ್ಷಿತ. "ಹುಷಾರು ನೋಡಪ್ಪ" ಅಂತಷ್ಟೇ ಹೇಳಿ ಕಳಿಸಿದೆ. ಎರಡು ವರ್ಷ ಹಿಡಿದು ತಡೆದುಕೊಂಡಿದ್ದ ಹುಡುಗನನ್ನು ವಾರಕ್ಕೆರಡು ಸಲ ಬಾರಿನ ಹಿಂದಿನ ಬಾಗಿಲಿಗೆ ಕಳಿಸಿದವಳು ನಾನು. ಅವನ ಟೀಚರು.

ಹಿಂದಿನ ಬಾಗಿಲಿನಿಂದ ಒಳಗೆ ಹೋಗಲು ಅವನಿಗೆ ಎಷ್ಟು ದಿನ ಹಿಡಿಯಿತೋ ನನಗೆ ಗೊತ್ತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ವಾಸನೆ ನಿನಗೂ ಬಂತು. ನೀನು ಅತ್ತು ಕರೆದೆ, ಅವನನ್ನು ಹೊಡೆದೆ, ಬುಟ್ಟಿ ರೊಟ್ಟಿ ಬೀದಿಗೆ ಎಸೆದೆ. ಸೊಸೆ ಮಗಳನ್ನು ಕರಕೊಂಡು ಮತ್ತೆ ಅರಸೀಕೆರೆಗೆ ಹೋದಳು. ಅವನು ಸೋಡಾ ಹಾಕುವುದನ್ನೂ ಬಿಟ್ಟ, ಆಟೋ ಮಾರಿದ, ಕುಡಿಯುವುದೊಂದೇ ಉಳಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವನ ಕಣ್ಣು ಹಳದಿಯಾಗಿತ್ತು. ನಾನು ಮೋಸಂಬಿ ತಗೊಂಡು ನೋಡಲು ಬಂದಾಗ ನೀನು ಹೊರಗೆ ಹೋಗಿದ್ದೆ. ಅವನು ನನ್ನ ಕೈ ಹಿಡಿದು, "ಅವ್ವಗ ಹೇಳಲಿಲ್ಲ ಹೌದಲ್ರೀ ಟೀಚರ್?" ಅಂತ ಕೇಳಿದ. ಇಲ್ಲಪ್ಪ ಅಂದೆ. ಸಮಾಧಾನವಾದವನಂತೆ ಆ ಕಡೆ ತಿರುಗಿ ಮಲಗಿದ. ಅದೇ ಅವನು ನನ್ನ ಜೊತೆ ಆಡಿದ ಕೊನೆಯ ಮಾತು.

ಇನ್ನೊಂದನ್ನು ಬರೆಯದೆ ಬಿಡಬೇಕು ಅಂತಿದ್ದೆ. ಬರೆಯುತ್ತೇನೆ. ಅವನು ತೀರಿಕೊಂಡ ಮೇಲೆ ಶಿವಗಣಾರಾಧನೆಯ ದಿನ ನಿಮ್ಮ ಹಿತ್ತಲಲ್ಲಿ ಬಾಳೆ ಎಲೆ ಒರೆಸುತ್ತಾ ಕೂತವಳು ನಡುವೆ ಫೋನು ತೆಗೆದು ನೋಡಿದೆ. ಆ ಕಂಪನಿಯ ಷೇರು ಏರಿತ್ತು. ಕೊಂಡದ್ದಕ್ಕಿಂತ ಬಹಳ ಏರಿತ್ತು. ನನಗೆ ಒಂದು ಕ್ಷಣ — ಒಂದೇ ಕ್ಷಣ, ಆದರೆ ಆಗಿದ್ದು ನಿಜ — ಸಂತೋಷವಾಯಿತು. ಆಮೇಲೆ ಒಳಗೆ ನಿನ್ನ ದನಿ ಕೇಳಿಸಿತು.

ಅಂದಿನಿಂದ ನೀನು ಹುಣ್ಣಿಮೆಗೊಮ್ಮೆ ಉಚ್ಚಂಗಿದುರ್ಗ ಹತ್ತುತ್ತೀಯ. ಮಂಡಿ ಹಿಡಿದ ಕಾಲು, ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತೀಯ. ಪ್ರತಿ ಸಲವೂ ನಿನ್ನ ರಟ್ಟೆ ಹಿಡಿದು ಹತ್ತಿಸುವವಳು ನಾನೇ. ಊರಲ್ಲಿ ಎಲ್ಲರೂ ವಿಜಯಾ ಟೀಚರಂಥ ಗೆಳತಿ ಸಿಗಬೇಕು ಅಂತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ, ಆದರೂ ಮುಂದಿನ ಹುಣ್ಣಿಮೆಗೆ ಮತ್ತೆ ಹಡಗಲಿ ಮಲ್ಲಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತೇನೆ.

ಹೋದ ಹುಣ್ಣಿಮೆಯಲ್ಲಿ ನಡುಗುಡ್ಡದಲ್ಲಿ ಕೂತು, ಉಸಿರು ಬಿಡುತ್ತಾ ನೀನು ಹೇಳಿದೆ: "ಸೀರಿ ರೊಕ್ಕ ನಾನು ಷೇರಿಗೆ ಹಾಕಿದ್ನಲ್ಲ, ಅದಕ ಆಕಿ ನನ್ನ ಮಗನ್ನ ತಗಂಡ್ಲು. ನಾನಾ ಕೈಯಾರ ಕೊಂದೆ ವಿಜಯಾ. ಬರೋ ಹುಣ್ಣಿವಿಗೆ ಕೆಳಗಿಂದ ದೀಡು ನಮಸ್ಕಾರ ಹಾಕ್ತೀನಿ. ನೀನು ಓದಿದಾಕಿ, ಇಷ್ಟಕ್ಕ ನನ್ನ ಪಾಪ ತೀರತೈತೇನಂತ ಹೇಳು."

ಕೆಳಗಿನಿಂದ ಮೇಲಿನವರೆಗೆ, ಆ ಕಲ್ಲಿನ ಮೇಲೆ, ಮೈಯುದ್ದ ಬಿದ್ದು ಏಳುತ್ತಾ. ಈ ವಯಸ್ಸಿನಲ್ಲಿ, ಆ ಮಂಡಿಯಲ್ಲಿ. ಮಾಡದ ತಪ್ಪಿಗೆ. ನಾನು ನೀರಿನ ಬಾಟಲಿ ನಿನ್ನ ಕೈಗೆ ಕೊಟ್ಟೆ, ಅಷ್ಟೇ.

ನಿನ್ನ ಪಾಪ ಇಲ್ಲ ಶಾಂತಕ್ಕ. ನೀನು ಕೇಳಬೇಕಾದ್ದನ್ನು ಕೇಳಿದ್ದೆ. ನೀನು ಮಾಡಿದ ನಿಯಮ ಸರಿಯಾಗಿತ್ತು. ಓದಿ ಹೇಳುವವಳು ಸರಿ ಇರಲಿಲ್ಲ.

ನನ್ನ ಷೇರುಗಳನ್ನು ಏನು ಮಾಡಿದೆ, ಮುಂದೆ ಏನು ಮಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಒಂದು ಜಾಣತನವಾದೀತು. ಕ್ಷಮಿಸು ಅಂತಲೂ ಕೇಳುವುದಿಲ್ಲ — ಕೇಳಿದರೆ ನೀನು ಹೂಂ ಅನ್ನುವವಳೇ, ಅದು ನನಗೆ ಗೊತ್ತು, ಗೊತ್ತಿದ್ದು ಕೇಳುವುದು —

ಹುಣ್ಣಿಮೆಗೆ ಇನ್ನು ಒಂಬತ್ತು ದಿನ. ನಾಳೆ ಸೋಮವಾರ. ಈ ಹಾಳೆಗಳನ್ನೂ, ಪೆನ್ಸಿಲ್ ಗೆರೆ ಇರುವ ಆ ಕಂಪನಿಯ ಕಾಗದವನ್ನೂ ತಂದು ನಿನ್ನ ಕೈಗೆ ಕೊಡುತ್ತೇನೆ. ಗೆರೆಯ ಪಕ್ಕದಲ್ಲಿ ಆ ಎರಡು ಸಾಲುಗಳನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಇಷ್ಟು ವರ್ಷ ನಾನು ಓದಿದೆ, ನೀನು ಕೇಳಿದೆ. ಇದನ್ನು ಮಾತ್ರ ನೀನೇ ಓದಬೇಕು. ನಿನ್ನ ಕನ್ನಡಕ ಹಾಕಿಕೊಂಡು, ನಿಧಾನವಾಗಿ.

ನೀನು ಓದಿ ಮುಗಿಸುವವರೆಗೆ ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಕರೆದರೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಅಲ್ಲೇ ಕೂತಿರುತ್ತೇನೆ. ಈ ಸಲ ಚಟ್ನಿ ಕೇಳಿಕೊಂಡು ಎದ್ದು ಹೋಗುವುದಿಲ್ಲ.