ಬ್ರೇಕು ಬಿಚ್ಚಿದ ಸಾಬರು

ಮೊನ್ನೆ ಮಗಳ ಮಗ ಅಂಗಳದಲ್ಲಿ ತನ್ನ ಹಳೇ ಬೈಕಿನ ಬ್ರೇಕು ಬಿಚ್ಚಿಕೊಂಡು ಕೂತಿದ್ದ. ಬ್ರೇಕು ಹಿಡಿಯೋ ಕ್ಯಾಲಿಪರ್ ತುಕ್ಕು ಹಿಡಿದಿದೆ ಅಜ್ಜಿ, ಅಂದ. ಉಜ್ಜಿದ ತುಕ್ಕಿನ ವಾಸನೆ, ಸೀಮೆಎಣ್ಣೆ ವಾಸನೆ ಎರಡೂ ಸೇರಿ ಒಳಗೆ ಬಂತು. ಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟೆ. ಗುತ್ತಲು ರಸ್ತೆಯ ಮೆಕ್ಯಾನಿಕ್ ಸಾಬರು ನೆನಪಾದರು.

ಎಪ್ಪತ್ತರ ದಶಕದ ಮಾತು. ನನ್ನ ಯಜಮಾನರು ಬಸರಾಳಿನಿಂದ ಮಂಡ್ಯಕ್ಕೆ ವಾಪಸು ಬರುವಾಗ ಮೋಟಾರ್‌ಸೈಕಲ್ ಸಮೇತ ನಾಲೆಗೆ ಬಿದ್ದು ತೀರಿಹೋದರು. ಅವತ್ತು ಬೆಳಿಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಯಾವುದೋ ಸಣ್ಣ ವಿಷಯ... ಈಗ ಜ್ಞಾಪಕಕ್ಕೂ ಬರುವುದಿಲ್ಲ. ನನ್ನ ಬಾಯಿ ಜೋರು, ಈಗಲೂ ಜೋರೇ. ಬೀದಿಗೆಲ್ಲ ಕೇಳಿಸಿತ್ತು.

ಮಣ್ಣು ಮಾಡಿ ಬಂದ ದಿನವೇ ಅತ್ತೆ ಹೇಳಿಬಿಟ್ಟರು, ಇವಳ ಬಾಯಿಗೆ ಬೇಸತ್ತು ನನ್ನ ಮಗ ಬೇಕಂತಲೇ ನಾಲೆಗೆ ಗಾಡಿ ಬಿಟ್ಟ ಅಂತ. ಬೀದಿಯವರೂ ಹಾಗೇ ಅಂದುಕೊಂಡರು. ನಾನು ಬೇಯಿಸಿದ್ದನ್ನು ಅತ್ತೆ ಮುಟ್ಟಲಿಲ್ಲ, ತಾವೇ ಬೇರೆ ಒಲೆ ಹೂಡಿಕೊಂಡರು. ಮೊದಮೊದಲು ಅದು ಸುಳ್ಳು ಅಂತ ಜಗಳಕ್ಕೇ ನಿಂತೆ. ಆದರೆ ದಿನ ಕಳೆದಂತೆ, ಇರಬಹುದೇನೋ ಎಂದು ನನಗೂ ಅನ್ನಿಸತೊಡಗಿತು. ಅದೇ ನನ್ನನ್ನು ಹೆಚ್ಚು ತಿಂದದ್ದು.

ಒಂದು ರಾತ್ರಿ ನಾಲೆಯಲ್ಲೇ ಬಿದ್ದಿದ್ದ ಆ ಗಾಡಿಯನ್ನು ಮೈದುನ ರಿಪೇರಿ ಮಾಡಿಸಿ ಮಾರೋಣವೆಂದು ಸಾಬರ ಅಂಗಡಿಗೆ ತಳ್ಳಿಕೊಂಡು ಹೋದ. ಸಾಬರು ಸಿಡುಕರು. ಕೆಸರು ಮೆತ್ತಿದ ಗಾಡಿ ತಂದರೆ ತೊಳೆದುಕೊಂಡು ಬಾ ಅಂತ ವಾಪಸು ಅಟ್ಟುವವರು. ಒಂದು ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಳೇ ಬಟ್ಟೆಯ ಗಂಟು, ಅದರಲ್ಲಿ ಹಿಂದಿನ ಚಕ್ರದ ಬ್ರೇಕು. ಜಗಲಿಯ ಮೇಲೆ ಬಿಚ್ಚಿಟ್ಟು ಅತ್ತೆಯನ್ನು ಕರೆದರು. ನನ್ನನ್ನಲ್ಲ.

ಪೆಡಲು ತುಳಿದರೆ ಒಂದು ಕಂಬಿ ಬೆರಳುದ್ದದ ಕಬ್ಬಿಣದ ತೋಳನ್ನು ಎಳೆಯಬೇಕು, ತೋಳಿನ ಜೊತೆ ಒಳಗಿನ ಕೀಲು ತಿರುಗಿ ಬ್ರೇಕು ಹಿಡಿಯಬೇಕು. ಆ ಕೀಲು ತುಕ್ಕಿನಲ್ಲಿ ಕಚ್ಚಿಕೊಂಡು ಕೂತುಬಿಟ್ಟಿತ್ತಂತೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಟ್ಟಿ ತಟ್ಟಿ ಬಿಡಿಸಿದರಂತೆ. ಹೊರಗಿನ ತೋಳು ಬಾಗಿತ್ತು.

"ಒಂದ್ರಾತ್ರಿ ನೀರಲ್ಲಿದ್ರೆ ಇಷ್ಟು ತುಕ್ಕು ಬರಾಕಿಲ್ಲ, ಇದು ಅಳೇದು," ಅಂದರು. "ತೋಳು ಕಲ್ಲಿಗೆ ಬಡ್ದು ಬಾಗಿದ್ದಲ್ಲ, ಎಳ್ತಕ್ಕೆ ಬಾಗಿರೋದು. ನಿನ್ ಮಗ ಇರೋ ಸಕ್ತಿಯೆಲ್ಲ ಆಕಿ ಬ್ರೇಕು ತುಳ್ದವ್ನೆ ಕಣವ್ವ. ಸಾಯಾಕೋಗೋನು ಇಂಗೆ ತುಳಿತಾನಾ?"

ಅತ್ತೆ ಆ ತೋಳನ್ನು ಮಡಿಲಿಗೆ ತೆಗೆದುಕೊಂಡು, ಬಾಗಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗದೆಯೇ, "ಮುದ್ದೆ ಆಗಿದ್ರೆ ಇಕ್ಕು," ಅಂದರು. ಯಜಮಾನರು ಹೋದ ಮೇಲೆ ಮೊದಲ ಸಲ ನನಗೆ ಬಾಯಿಬಿಟ್ಟು ಅಳು ಬಂತು.

ಸಾಬರು ಬೇರೆ ತೋಳು ಹಾಕಿ, ಹೊಸ ಬ್ರೇಕ್ ಲೈನರ್ ಕೂರಿಸಿ ಗಾಡಿ ಸರಿಮಾಡಿದರು. ಮಳವಳ್ಳಿಯವರು ಯಾರೋ ಕೊಂಡುಹೋದರು. ವಯಸ್ಸಾದ ಮೇಲೆ ಸಾಬರು ಮದ್ದೂರಿನ ಮಗಳ ಮನೆ ಸೇರಿ ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಒಡಹುಟ್ಟಿದವರು ಹೋದಷ್ಟೇ ಸಂಕಟವಾಯಿತು.

ಈಗ ಅತ್ತೆಯೂ ಇಲ್ಲ. ಅವತ್ತು ಆ ಜಗಲಿಯ ಮೇಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಮೊಮ್ಮಗ ತಲೆ ಎತ್ತದೆ ಕೇಳಿದ, ತಾತ ಹೇಗೆ ಹೋದರು ಅಜ್ಜಿ, ಜನ ಏನೇನೋ ಹೇಳ್ತಾರೆ ಅಂತ.

"ಬ್ರೇಕು ತುಳಿದಿದ್ರು ಕಣಪ್ಪ," ಅಂದೆ.